ಇಪ್ಪತ್ತೆಂಟು ಮೀಟರ್ ಕೆಳಗಿನ ವಾಲ್ವು

ಅಪ್ಪ ಎಂಜಿನ್ ನೋಡಿಕೊಳ್ಳುತ್ತಿದ್ದ, ಹಡಗು ಎಳೆಯುವ ಟಗ್ ಬೋಟು ಮುಳುಗಿ ಮೂವತ್ತೊಂದು ವರ್ಷವಾಯಿತು. ಯಾರೂ ಸಾಯಲಿಲ್ಲ, ಹೋದದ್ದು ಅಪ್ಪನ ಮರ್ಯಾದೆ. ತಳದ ವಾಲ್ವು ಮುಚ್ಚದೆ ಊಟಕ್ಕೆ ಹೋದ, ನೀರು ನುಗ್ಗಿತು ಎಂದು ಕ್ಯಾಪ್ಟನ್ ಬರೆದುಕೊಟ್ಟ. ಬಂದರಿನವರು ಅದಕ್ಕೆ ಉಪ್ಪು ಖಾರ ಹಚ್ಚಿದರು. "ಮುಚ್ಚಿದ್ದೆ" ಎಂದು ಅಪ್ಪ ಹೇಳಿದ್ದೇ ಹೇಳಿದ್ದು, ಕೇಳುವವರ್ಯಾರು? ಕೊನೆಗೆ ಸುಮ್ಮನಾದ.

ಆ ವಾಲ್ವನ್ನು ಕಣ್ಣಾರೆ ನೋಡಲೆಂದೇ ಐವತ್ತು ದಾಟಿದ ಮೇಲೆ ನಾನು ಡೈವಿಂಗ್ ಕಲಿತೆ. ಬೋಟಿನ ಪಕ್ಕೆಯ ತಗಡು ಕಳಚಿ ಬಿದ್ದಿದೆ, ಒಳಗೆ ನುಗ್ಗದೆ ಹೊರಗಿನಿಂದಲೇ ಎಂಜಿನ್ ಕೋಣೆಗೆ ಕೈ ಹಾಕಬಹುದು. ಆದರೆ ಆಳ ಇಪ್ಪತ್ತೆಂಟು ಮೀಟರು. ಮಾಮೂಲಿ ಗಾಳಿ ಉಸಿರಾಡಿದರೆ ಅಲ್ಲಿ ಹದಿನೆಂಟು ನಿಮಿಷಕ್ಕಿಂತ ಹೆಚ್ಚು ಇರುವಂತಿಲ್ಲ, ಮೈಗೆ ಸೇರಿದ ನೈಟ್ರೋಜನ್ ಮೇಲೆ ಬರುವಾಗ ರಕ್ತದಲ್ಲಿ ಗುಳ್ಳೆಯಾಗಿ ಜೀವಕ್ಕೇ ಕುತ್ತು ತರುತ್ತದೆ. ಎರಡು ಸಲ ಕೆಸರು ಕೆದಕುತ್ತಿರುವಾಗಲೇ ಹೊತ್ತು ಮುಗಿದು ಮೇಲೆ ಬಂದೆ. ಅದಕ್ಕೇ ನೈಟ್ರಾಕ್ಸ್ ಎಂಬ ಬೆರಕೆ ಗಾಳಿಯಲ್ಲಿ ಇಳಿಯುವುದನ್ನು ಕಲಿತೆ. ಆಮ್ಲಜನಕ ಮೂವತ್ತೆರಡು ಪರ್ಸೆಂಟು, ನೈಟ್ರೋಜನ್ ಕಡಿಮೆ, ಅದೇ ಆಳದಲ್ಲಿ ಅರ್ಧ ಗಂಟೆ. ಸೋಮವಾರ ಕ್ರೇನು ಬಂದು ಬೋಟನ್ನು ತುಂಡು ಮಾಡಿ ಗುಜರಿಗೆ ಒಯ್ಯುವುದಿತ್ತು. ನಾವು ಹೊರಟದ್ದು ಭಾನುವಾರ.

ಅವರವರ ಸಿಲಿಂಡರನ್ನು ಅವರವರೇ ಅಳೆಯಬೇಕು. ಆಮ್ಲಜನಕ ಅಳೆಯುವ ಮೀಟರನ್ನು ಮೊದಲು ಬರಿಗಾಳಿಗೆ ಹಿಡಿದೆ, ಇಪ್ಪತ್ತೊಂದು, ಸರಿ. ಸಿಲಿಂಡರಿಗೆ ಹಿಡಿದರೆ ಮೂವತ್ತೆಂಟು!

"ಚೀಟೀಲಿ ಮೂವತ್ತೆರಡು ಅಂತಿದೆಯಲ್ಲೇ. ಮೀಟರಿಗೆ ವಯಸ್ಸಾಗಿರ್ಬೇಕು," ಎಂದ ನನ್ನ ಡೈವಿಂಗ್ ಜೊತೆಗಾರ, ಅಕ್ಕನ ಗಂಡ.

"ಮೀಟರಿಗಲ್ಲ ಭಾವ, ನಿಮಗೆ."

ಆಮ್ಲಜನಕ ಹೆಚ್ಚಿದಷ್ಟೂ ಇಳಿಯುವ ಆಳ ಕಡಿಮೆಯಾಗಬೇಕು. ಮೂವತ್ತೆಂಟಕ್ಕೆ ಇಪ್ಪತ್ತಾರು ಮೀಟರೇ ಗಡಿ. ಅದರಾಚೆ ಆಮ್ಲಜನಕವೇ ವಿಷವಾಗಬಹುದು, ನೀರಡಿಯಲ್ಲಿ ಫಿಟ್ಸ್ ಬಂದರೆ ಕಥೆ ಮುಗಿದಂತೆ.

"ಎರಡೇ ಮೀಟರ್ ಕಣೇ! ನಾಳೆ ಅಲ್ಲಿ ಏನೂ ಉಳಿಯಲ್ಲ."

ಇಳಿದೇಬಿಡೋಣ ಅನ್ನಿಸಿತು, ಸುಳ್ಳೇಕೆ ಹೇಳಲಿ? ಆದರೆ ಮಗಳ ಹೆಣ ಕಂಡ ಮೇಲೆ ಅಪ್ಪ ಯಾವ ಮರ್ಯಾದೆ ಇಟ್ಟುಕೊಂಡು ಏನು ಮಾಡಬೇಕು? ಪಿತ್ತ ನೆತ್ತಿಗೇರಿ, ಗಾಳಿ ತುಂಬುವವನ ಮುಂದೆ ಸಿಲಿಂಡರ್ ತಂದು ನಿಲ್ಲಿಸಿದೆ.

"ಅಯ್ಯೋ, ಒಳಗೆ ಹಳೇ ಬೆರಕೆ ಉಳಿದಿತ್ತು, ಅದರ ಮೇಲೇ ತುಂಬ್ಬಿಟ್ಟೆ," ಎಂದು ಅವನು ನಾಲಿಗೆ ಕಚ್ಚಿಕೊಂಡ.

"ಅಳೆದು ಚೀಟಿ ಬರೆಯೋದು ಬಿಟ್ಟು ಅಳೆಯದೇ ಬರೆದು ಮಲಗ್ತೀಯಾ?"

ಖಾಲಿ ಮಾಡಿ ಮತ್ತೆ ಬೆರೆಸಲು ಮೂರು ಗಂಟೆ ಹಿಡಿಯಿತು. ಪಕ್ಕದಲ್ಲೇ ಕೂತು ಅವನ ತಲೆ ತಿಂದೆ. ಮತ್ತೆ ಅಳೆದೆ, ಮೂವತ್ತೆರಡು. ಪರ್ಸೆಂಟು, ಆಳದ ಮಿತಿ, ಹೆಸರು ಎಲ್ಲ ನನ್ನ ಕೈಯಾರೆ ಬರೆದು ಅಂಟಿಸಿದೆ. ಕೈಗೆ ಕಟ್ಟಿದ ಡೈವ್ ಕಂಪ್ಯೂಟರಿಗೂ ಅದೇ ಅಂಕಿ ಕೊಟ್ಟೆ. ಗೊಣಗುತ್ತಿದ್ದ ಭಾವನಿಂದಲೂ ಅವನದನ್ನು ಅಳೆಸಿದೆ.

ಹದಿನೆಂಟನೆಯ ನಿಮಿಷದಲ್ಲಿ ನಾನಿನ್ನೂ ಬೋಟಿನ ಕೆಸರಿಗೆ ಬ್ರಷ್ ಉಜ್ಜುತ್ತಿದ್ದೆ. ಕಂಪ್ಯೂಟರಿನಿಂದ ಎಚ್ಚರಿಕೆಯ ಸದ್ದಿಲ್ಲ. ಇಪ್ಪತ್ತೆರಡನೆಯ ನಿಮಿಷಕ್ಕೆ ಕೆಸರು ಸರಿದು ಹಿತ್ತಾಳೆಯ ಹಿಡಿ ಕಂಡಿತು. ಪೈಪಿನುದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ಹಿಡಿ ಅಡ್ಡಕ್ಕಿತ್ತು! ನೀರೊಳಗೇ ಕೂಗಿದೆ, ಬರೀ ಗುಳ್ಳೆ ಬಂತು. ಭಾವ ನಾಲ್ಕು ಫೋಟೋ ತೆಗೆದ. ನಿಧಾನಕ್ಕೆ ಮೇಲೆ ಬಂದು, ಮೈಯ ನೈಟ್ರೋಜನ್ ಇಳಿಯಲೆಂದು ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಅಷ್ಟು ಉದ್ದದ ಮೂರು ನಿಮಿಷವನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಎಂಬತ್ತನಾಲ್ಕರ ಅಪ್ಪ ನನ್ನ ಫೋನಿನಲ್ಲಿದ್ದ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಮುಚ್ಚಿದೆ," ಎಂದ. ಆಮೇಲೆ, "ಜನ ಹೇಳಿ ಹೇಳಿ ನನಗೇ ಅನುಮಾನ ಬಂದ್ಬಿಟ್ಟಿತ್ತು ಮಗಳೇ. ಮುಚ್ಚಲಿಲ್ವೇನೋ ಅಂತ."

ನಾನು ಗಳಗಳನೆ ಅತ್ತುಬಿಟ್ಟೆ. ಅಪ್ಪ ಅಳಲಿಲ್ಲ. ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು, ಗುಂಡಿ ಪೂರ್ತಿ ಹಾಕಿ, ಫೋನನ್ನು ಜೇಬಿಗಿಳಿಸಿದ.

"ನಡಿ ಬಂದರಿಗೆ. ಹಳಬರೆಲ್ಲ ಈಗ ಚಹಾಕ್ಕೆ ಕೂತಿರ್ತಾರೆ. ನೀನು ಬಾಯಿ ಹಾಕ್ಬೇಡ, ನಾನೇ ಹೇಳ್ತೀನಿ."