ಬೀಗರ ಮನೆಗೆ ಸಕ್ಕರೆ

ಬೀಗರ ಊರು ಏಪೆರ್ನೆ ಇನ್ನೂ ದೂರವಿರುವಾಗಲೇ ನೋಯೆಮಿ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ತಂದೆಯ ಕಡೆ ತಿರುಗಿದಳು.

"ಅಪ್ಪ, ಒಂದು ಮಾತು ಕೊಡು. ಇವತ್ತೊಂದು ದಿನ ಬೀಟ್‌ರೂಟ್ ಸುದ್ದಿ ಎತ್ತಬೇಡ."

"ಅವರು ಕೇಳಿದ್ರೆ?"

"ಕೇಳಲ್ಲ. ಅದೇ ತಾನೆ ಸಮಸ್ಯೆ."

ಆನ್ಸೆಲ್ಮ್ ವಾತ್ಲೆ ಒಪ್ಪಿಕೊಂಡ. ಲಾನ್ ಪಟ್ಟಣದ ಆಚೆಯ ಬಯಲಿನಲ್ಲಿ ತಾತನ ಕಾಲದಿಂದಲೂ ಸಕ್ಕರೆ ತೆಗೆಯುವ ಬೀಟ್‌ರೂಟ್ ಬೆಳೆಯುವ ಮನೆತನ ಅವನದು. ಬಿತ್ತನೆಯ ಕಾಲದಲ್ಲಿ ಹೊಲ ಬಿಟ್ಟು ಹೊರಟಿದ್ದೇ ಅಪರೂಪ. ಅದಕ್ಕೊಂದು ಕಾರಣವಿತ್ತು. ಮಗಳ ಮದುವೆ ತನ್ನೂರಿನ ಚರ್ಚಿನಲ್ಲಿ ಆಗಬೇಕೆಂಬುದು ಅವನ ಆಸೆ. ಆ ಚರ್ಚಿನ ಗೋಡೆಯಾಚೆಯೇ ಅವನ ಹೆಂಡತಿಯ ಸಮಾಧಿ. ಆದರೆ ಶಾಂಪೇನ್ ತಯಾರಿಸುವ ಬೀಗರು ಮದುವೆ ತಮ್ಮ ಅಂಗಳದಲ್ಲೇ, ತಮ್ಮ ಗಿರಾಕಿಗಳ ಮುಂದೆಯೇ ಆಗಲಿ ಎನ್ನುತ್ತಿದ್ದರು. ಹೆಣ್ಣಿನ ಊರಿನಲ್ಲಿ ಮದುವೆ ಮಾಡುವುದು ಹಳೆಯ ಕಾಲದ ಪದ್ಧತಿ ಎಂದು ಬೀಗಿತ್ತಿ ಸೊಲಾಂಜ್ ಫೋನಿನಲ್ಲೇ ಹೇಳಿಯಾಗಿತ್ತು. ಇಂದು ಮಧ್ಯಾಹ್ನದ ಊಟಕ್ಕೆ ಕೂತಾಗ ತೀರ್ಮಾನವಾಗಬೇಕಿತ್ತು.

ಬೀಗ ತಿಬೋ ಮಯಾರೊ ಬೆಳಗ್ಗೆಯೆಲ್ಲಾ ಅವರಿಗೆ ಸೀಮೆ ತೋರಿಸಿದ. ಗುಡ್ಡದ ಮೇಲೆ ನಿಲ್ಲಿಸಿ ಮಾರ್ನ್ ನದಿಯ ಎರಡೂ ದಡದ ದ್ರಾಕ್ಷಿ ಸಾಲುಗಳತ್ತ ಕೈಬೀಸಿದ. ಯಾವ ಇಳಿಜಾರಿನ ಮುಂದೆ ನಿಂತರೂ ತನ್ನ ವಂಶದ ಒಬ್ಬ ಹಿರಿಯನನ್ನು ನೆನೆದ. ಆ ಹಿರಿಯರಲ್ಲಿ ಒಬ್ಬನೂ ಸೋಮಾರಿಯಾಗಿರಲಿಲ್ಲ, ಒಬ್ಬನೂ ಸಾಲ ಮಾಡಿರಲಿಲ್ಲ. ಆನ್ಸೆಲ್ಮ್ ತಲೆಯಾಡಿಸುತ್ತಾ ಹೋದ. ನೋಯೆಮಿಗೆ ಸಮಾಧಾನವಾಯಿತು.

ಮನೆಗೆ ಮರಳಿದಾಗ ಅಂಗಳದಲ್ಲಿ ಬೆಲ್ಜಿಯಂನ ಪ್ರವಾಸಿಗರ ಗುಂಪೊಂದು ಕಾದಿತ್ತು. ಒಂದೇ ದಿನದಲ್ಲಿ ಶಾಂಪೇನ್ ಸೀಮೆ ನೋಡಿ ಮುಗಿಸಲು ಬಂದವರು. ತಿಬೋ ಬೀಗರನ್ನೂ ಅವರ ಜೊತೆ ಸೇರಿಸಿಕೊಂಡು ನೆಲಮಾಳಿಗೆಗೆ ಇಳಿದ.

"ನಮ್ಮ ಗುಳ್ಳೆ ಎಲ್ಲಿಂದ ಬರುತ್ತೆ ಅಂತ ಎಲ್ಲರೂ ಕೇಳ್ತಾರೆ," ಎಂದು ಸುಣ್ಣಕಲ್ಲಿನ ಗೋಡೆ ಸವರಿದ. "ಇಗೋ, ಈ ಕಲ್ಲಿನಿಂದ. ಕಲ್ಲು, ಕತ್ತಲೆ, ಕಾಲ. ಅಷ್ಟೇ. ನಾವು ಏನೂ ಬೆರೆಸೋದಿಲ್ಲ."

ಆನ್ಸೆಲ್ಮ್ ಮೇಲ್ಛಾವಣಿ ನೋಡಿದ. ಬಾಟಲಿಗೆ ತುಂಬುವಾಗ ಸಕ್ಕರೆ ಮತ್ತು ಯೀಸ್ಟ್ ಬೆರೆಸದಿದ್ದರೆ ಶಾಂಪೇನ್‌ನಲ್ಲಿ ಗುಳ್ಳೆ ಏಳುವುದಿಲ್ಲ. ಯೀಸ್ಟ್ ಆ ಸಕ್ಕರೆಯನ್ನು ತಿಂದು ಮುಗಿಸುತ್ತದೆ, ಗುಳ್ಳೆ ಉಳಿಯುತ್ತದೆ. ಕಾನೂನು ಒಪ್ಪಿದ ಕ್ರಮವೇ ಅದು. ಸೀಮೆಯ ಎಲ್ಲರೂ ಮಾಡುತ್ತಾರೆ, ಬಹುಪಾಲು ಜನ ಹೇಳಿಯೂ ಹೇಳುತ್ತಾರೆ. ಮುಚ್ಚಿಡಲು ಅದರಲ್ಲೇನೂ ಇರಲಿಲ್ಲ. ತಿಬೋಗೆ ಮಾತ್ರ ಸಕ್ಕರೆ ಎಂದರೆ ಅಡುಗೆಮನೆಯ ಸಾಮಾನು, ಗಿರಾಕಿಗಳ ಮುಂದೆ ಅದರ ಹೆಸರೆತ್ತಲು ನಾಚಿಕೆ.

ಮೇಲೆ ಬಂದು ಬಾಟಲಿ ತುಂಬುವ ಕೋಣೆ ದಾಟುತ್ತಿದ್ದರು. ಗುಂಪಿನಲ್ಲಿದ್ದ ಲಿಯೇಜ್‌ನ ಹಲ್ಲಿನ ಡಾಕ್ಟರ ಬ್ಯಾಗಿನ ಪಟ್ಟಿ ಮೂಲೆಯ ತಾಡಪಾಲಿಗೆ ಸಿಕ್ಕಿಕೊಂಡಿತು. ಅವರು ಎಳೆದರು. ತಾಡಪಾಲು ಜಾರಿತು. ಕೆಳಗೆ ಚೀಲಗಳ ರಾಶಿ, ಚೀಲದ ಮೇಲೆ ನೀಲಿ ಎಲೆಯ ಗುರುತು. ಆನ್ಸೆಲ್ಮ್‌ಗೆ ಆ ಗುರುತು ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಅವನ ಬೀಟ್‌ರೂಟ್ ಹೋಗುವ ಕಾರ್ಖಾನೆಯದೇ ಅದು.

"ಸಕ್ಕರೆ!" ಎಂದರು ಡಾಕ್ಟರು, ಕುಳಿಬಿದ್ದ ಹಲ್ಲು ಕಂಡವರಂತೆ. "ಏನೂ ಬೆರೆಸೋದಿಲ್ಲ ಅಂದ್ರಲ್ಲ ಸ್ವಾಮಿ?"

ತಿಬೋ ಚೀಲಗಳಿಗೆ ಅಡ್ಡ ಬಂದು ನಿಂತ. ಊಟಕ್ಕೆ ಕರೆಯಲು ಬಂದಿದ್ದ ಸೊಲಾಂಜ್ ತಾಡಪಾಲಿನ ತುದಿ ಹಿಡಿದು ಮತ್ತೆ ಹೊದಿಸಲು ನೋಡಿದಳು. ಒಂದೇ ಒಂದು ಮಾತಿನಲ್ಲಿ ತಿಬೋ ಬೆಳಗ್ಗೆಯೆಲ್ಲಾ ಹೊಗಳಿದ ಹಿರಿಯರ ಮಾನವನ್ನು ಮಣ್ಣುಪಾಲು ಮಾಡಬಹುದು ಎಂದು ಆನ್ಸೆಲ್ಮ್‌ಗೆ ಹೊಳೆಯಿತು. ಆಮೇಲೆ ಮಗಳ ಮುಖ ಕಂಡಿತು.

"ಅದು ನಾನು ತಂದಿದ್ದು," ಎಂದ. "ಬೀಗರ ಮನೆಗೆ ಬರಿಗೈಯಲ್ಲಿ ಬರೋಕಾಗುತ್ತಾ?"

"ಶಾಂಪೇನ್ ಮಾಡೋರ ಮನೆಗೆ ಸಕ್ಕರೆ ತಂದ್ರಾ! ಇವರೇನು ಮಾಡ್ಕೊಳ್ತಾರೆ ಯಜಮಾನ್ರೇ?" ಎಂದು ಡಾಕ್ಟರು ಕೇಳಿದರು.

"ಕಾಫಿಗೆ ಆಗುತ್ತೆ."

"ಇಷ್ಟೊಂದಾ?"

"ಕಾಫಿ ಜಾಸ್ತಿ ಕುಡೀತಾರೆ."

ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ತಿಬೋ. ಹಳ್ಳಿಯ ಮನುಷ್ಯ, ಮನಸ್ಸು ಚಿನ್ನ ಎಂದು ಆನ್ಸೆಲ್ಮ್‌ನ ಬೆನ್ನು ತಟ್ಟಿದ. ತಟ್ಟಿದ ಕೈ ತಣ್ಣಗಿತ್ತು.

ಊಟಕ್ಕೆ ಕೂತಾಗ ಸೊಲಾಂಜ್ ಹ್ಯಾಮಿನ ದೊಡ್ಡ ತುಂಡನ್ನು ಮೊದಲು ಆನ್ಸೆಲ್ಮ್‌ನ ತಟ್ಟೆಗೆ ಹಾಕಿದಳು. ಗಂಡನ ಮುಖವನ್ನು ಒಮ್ಮೆ ನೋಡಿದಳು.

"ಬೀಗ್ರೇ, ನಾವಿಬ್ರೂ ಮಾತಾಡ್ಕೊಂಡ್ವಿ. ಮದುವೆ ನಿಮ್ಮೂರಲ್ಲೇ ಆಗ್ಲಿ. ಹೆಣ್ಣಿನ ಊರಲ್ಲಿ ಮಾಡೋದೇ ಅಲ್ವಾ ಪದ್ಧತಿ?"

"ನಿಮ್ಮ ಗಿರಾಕಿಗಳು?"

"ಅವರಿಗ್ಯಾಕೆ ಅಷ್ಟು ದೂರದ ಪ್ರಯಾಣ?" ಎಂದ ತಿಬೋ ಅವಸರದಿಂದ. "ಅವರು ಬಂದ್ರೆ ಸುಮ್ನೆ ಏನೇನೋ ಪ್ರಶ್ನೆ ಕೇಳ್ತಾರೆ. ನೀವು ಬಾಯಿ ತುಂಬಾ ಉತ್ತರ ಕೊಡ್ತೀರಿ."

ಆನ್ಸೆಲ್ಮ್ ಹ್ಯಾಮು ಅಗಿಯುತ್ತಾ, ಹಾಗೇ ಆಗಲಿ ಎಂದ.

ಹೊರಡುವಾಗ ನೋಯೆಮಿ ಕಾರಿನಲ್ಲಿ ಕೂತು ಕೀಲಿ ತಿರುಗಿಸದೆ ಕೇಳಿದಳು: "ಅಪ್ಪ, ಬೆಳಗ್ಗೆ ನಮ್ಮ ಕಾರಲ್ಲಿ ಚೀಲ ಎಲ್ಲಿತ್ತು?"

"ಇರ್ಲಿಲ್ಲ."

"ಹಂಗಾದ್ರೆ ಅವ್ರ ಸಕ್ಕರೆ..."

"ಬೀಟ್‌ರೂಟ್ ಸುದ್ದಿ ಎತ್ತಬೇಡ ಅಂತ ನೀನೇ ಅಂದಿದ್ದೆ. ನಾನು ಎತ್ತಿದ್ನಾ?"

ಅಷ್ಟರಲ್ಲಿ ಇನ್ನೊಂದು ವ್ಯಾನು ಅಂಗಳಕ್ಕೆ ಬಂದು ನಿಂತಿತು. ಹೊಸ ಗುಂಪನ್ನು ತಿಬೋ ಬಾಟಲಿ ತುಂಬುವ ಕೋಣೆಗೆ ಕರೆದೊಯ್ದ. ತೆರೆದ ಬಾಗಿಲಿನಿಂದ ಅವನ ದನಿ ಕೇಳಿಸಿತು. ಕಲ್ಲು, ಕತ್ತಲೆ, ಕಾಲ. ಆಮೇಲೆ ಈ ಸಲ ಯಾರೂ ಕೇಳುವ ಮೊದಲೇ, ಅವನೇ ಹೇಳಿದ: "ಆ ಮೂಲೇಲಿರೋದಾ? ನಮ್ಮ ಬೀಗರ ಉಡುಗೊರೆ. ಹಳ್ಳಿಯವ್ರು, ಪಾಪ. ಇದನ್ನೇನು ಮಾಡೋದೋ ನಮಗೂ ಗೊತ್ತಿಲ್ಲ."

ಒಳಗಿನಿಂದ ನಗು ಕೇಳಿತು. ನೋಯೆಮಿ ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟಳು.

"ಕಾಲು ಒಳಗೆ ತಗೋ," ಎಂದ ಆನ್ಸೆಲ್ಮ್. "ದಾರೀಲಿ ಪಾದ್ರಿಗೆ ಫೋನ್ ಮಾಡ್ಬೇಕು. ಇವರು ಮನಸ್ಸು ಬದಲಾಯಿಸೋ ಮುಂಚೆ ಚರ್ಚಲ್ಲಿ ದಿನ ಗೊತ್ತು ಮಾಡ್ಕೊಳ್ಳೋಣ."