ಫಲೇಸಿ ಬಿತ್ತನೆ ಕಾಳು ಬೇಯಿಸಿದ್ದೇಕೆ?

ಮಲಾವಿಯ ಗುಡ್ಡಸೀಮೆಯಲ್ಲಿರುವ ನಮ್ಮ ಕಂಬೆಂಜೆ ಊರಿನಲ್ಲಿ ಬೀನ್ಸ್ ಕಾಳನ್ನು ಬಣ್ಣ ನೋಡಿ ಬಿತ್ತುವವರಿಲ್ಲ. ಕೆಂಪು, ಬಿಳಿ, ಚುಕ್ಕೆಯದು ಎಲ್ಲವನ್ನೂ ಬೆರೆಸಿಯೇ ಬಿತ್ತುತ್ತೇವೆ. ಮಳೆ ಹೆಚ್ಚಾದರೆ ಒಂದು ನಿಲ್ಲುತ್ತದೆ, ಕಡಿಮೆಯಾದರೆ ಇನ್ನೊಂದು. ಒಳ್ಳೆಯ ಬಿತ್ತನೆ ಕಾಳು ಬೇಕೆಂದರೆ ಎಲ್ಲರೂ ಫಲೇಸಿಯನ್ನೇ ಹುಡುಕುತ್ತಾರೆ.

ಆ ಬುಧವಾರ ಫಲೇಸಿ ಸಂತೆಗೆ ಹೋದವಳು ತುಂಬಿದ ಬುಟ್ಟಿ ಹೊತ್ತೇ ಹಿಂದಿರುಗಿದಳು. ಒಂದು ಹಿಡಿ ಕಾಳೂ ಮಾರಾಟವಾಗಿರಲಿಲ್ಲ.

"ಯಾಕೇ, ಇಷ್ಟು ಬೇಗ ಬಂದೆ?" ಎಂದ ಗಂಡ ಬಿಜಿವೆಕಿ.

"ಸಂತೆ ಗೇಟಿಗೆ ಒಂದ್ ಕಾಗದ ಅಂಟಿಸವ್ರೆ ಕಣ್ರೀ. ಇಂಗ್ಲಿಷಲ್ಲೈತೆ. ಮನೆ ಬೀಜ ಮಾರಿದ್ರೆ ದಂಡ ಅಂತಾಳೆ ಉಪ್ಪು ಮಾರೋಳು. ಪಕ್ಕದ್ಮನೆಗೆ ಕೊಟ್ರೂ ಜೈಲು ಅಂತಾನೆ ಸೈಕಲ್ ರಿಪೇರಿಯವ್ನು. ಬಣ್ಣ ಬೆರೆತ ಕಾಳು ಮನೇಲಿದ್ರೇ ಹಿಡೀತಾರಂತೆ ಅಂದ್ಲು ಇನ್ನೊಬ್ಳು. ಯಾವ್ದನ್ನ ನಂಬ್ಲಿ?"

"ಮೂರನ್ನೂ ನಂಬು. ಸರ್ಕಾರದ ಕಾಗದದಲ್ಲಿ ನಮಗೆ ಒಳ್ಳೇದು ಬರೆದಿದ್ದನ್ನ ನಾನಂತೂ ಕಂಡಿಲ್ಲ."

ಫಲೇಸಿಗೆ ದಿಕ್ಕೇ ತೋಚಲಿಲ್ಲ. ಮರುದಿನ ಬೆಳಿಗ್ಗೆ ದೊಡ್ಡ ಮಡಕೆಯನ್ನು ಒಲೆಗಿಟ್ಟಳು. ಬೂದಿ ಬೆರೆಸಿ ಜೋಪಾನ ಮಾಡಿದ್ದ ಬಿತ್ತನೆ ಕಾಳನ್ನು ತೊಳೆದು ಅದರೊಳಗೆ ಸುರಿಯತೊಡಗಿದಳು. ಬೇಯಿಸಿ ತಿಂದ ಕಾಳಿಗೆ ಯಾರು ಕೇಸು ಹಾಕುತ್ತಾರೆ?

ಅರ್ಧ ಕಾಳು ಮಡಕೆ ಸೇರುವಷ್ಟರಲ್ಲಿ ತಂಗಿಯ ಮಗಳು ಎನಿಫಾ ಬಂದಳು. ಊರಿನ ರೇಡಿಯೋ ಕೇಳುಗರ ಕೂಟ ನಡೆಸುವವಳು ಅವಳೇ.

"ದೊಡ್ಡಮ್ಮಾ! ಮಳೆಗೆ ಇನ್ನ ಮೂರೇ ವಾರ ಐತೆ. ಬೀಜ ಬೇಯಿಸ್ತಾ ಕೂತಿದೀಯಾ?"

"ಜೈಲೂಟಕ್ಕಿಂತ ಮನೆಯೂಟ ಮೇಲು, ಬಿಡು."

"ಮೊದ್ಲು ಸೌದೆ ಹೊರಗೆ ಎಳಿ! ನಾನು ಆ ಕಾಗದ ನೋಡ್ಕೊಂಡು ಬರ್ಕೊಂಡಿದೀನಿ. ಮೇಲ್ಗಡೆನೇ 'ಕರಡು' ಅಂತ ಐತೆ. ಅಂದ್ರೆ ಇನ್ನೂ ಕಾನೂನಾಗಿಲ್ಲ. ಹಿಂಗ್ ಮಾಡೋಣ್ವಾ ಅಂತ ಜಿಲ್ಲಾ ಕೌನ್ಸಿಲ್‌ನೋರು ನಮ್ಮನ್ನ ಕೇಳ್ತಾವ್ರೆ. ಉತ್ತರ ಹೇಳೋಕೆ ಮುಂದಿನ ಶುಕ್ರವಾರದವರೆಗೂ ಟೈಮೈತೆ."

"ನಮ್ಮನ್ನ ಕೇಳೋರು ಇಂಗ್ಲಿಷಲ್ಲಿ ಕೇಳ್ತಾರೇನೇ?" ಎಂದಳು ಫಲೇಸಿ. ಎನಿಫಾ ತಾನೇ ಬಾಗಿ ಒಲೆಯ ಸೌದೆ ಹೊರಗೆಳೆದಳು.

ಭಾನುವಾರ ಚರ್ಚಿನಿಂದ ಬಂದವರೆಲ್ಲ ಮಾವಿನ ಮರದಡಿ ಸೇರಿದರು. ಎನಿಫಾ ಒಂದೊಂದು ಸಾಲು ಓದಿ ನಮ್ಮ ಮಾತಿನಲ್ಲಿ ಹೇಳಿದಳು. ನಾಲ್ಕನೆಯ ಸಾಲಿಗೆ ಗಾಡಿ ನಿಂತಿತು: "ನೋಂದಣಿಯಾಗದ ಬೀಜ ಕೈ ಬದಲಾಗಕೂಡದು."

"ಕೈ ಬದ್ಲಾಗೋದು ಅಂದ್ರೆ? ಬಲಗೈಯಿಂದ ಎಡಗೈಗಾ?" ಎಂದ ಬಿಜಿವೆಕಿ. ಎಲ್ಲರೂ ನಕ್ಕರು. ಆದರೆ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಕೃಷಿ ಸಹಾಯಕರಿಗೆ ಫೋನ್ ಹಚ್ಚಿದರು. ಅವರು ಮೊದಲು "ಮಾರಾಟಕ್ಕೆ ಮಾತ್ರ ಇರಬೇಕು" ಅಂದರು, ಆಮೇಲೆ "ಕೊಡೋದಕ್ಕೂ ಇರಬಹುದು" ಅಂದರು, ಕೊನೆಗೆ "ಕೇಳಿ ಹೇಳ್ತೀನಿ" ಅಂದರು.

"ನಿಜ ಹೇಳ್ಬೇಕು ಅಂದ್ರೆ ನನಗೂ ತಿಳೀಲಿಲ್ಲ ದೊಡ್ಡಮ್ಮ," ಎಂದಳು ಎನಿಫಾ.

ಫಲೇಸಿ ಕೇಳಿದಳು: "ತಿಳೀಲಿಲ್ಲ ಅಂತ್ಲೇ ಕೌನ್ಸಿಲ್‌ಗೆ ಹೋಗಿ ಹೇಳಿದ್ರೆ?"

"ಚೆನ್ನಾಗೈತೆ! ನಲವತ್ತು ಜನ ಹೋಗಿ, ನಾವು ದಡ್ಡರು ಅಂತ ಹೇಳಿ ಬನ್ನಿ," ಎಂದು ಬಿಜಿವೆಕಿ ಮೂದಲಿಸಿದ.

ಊರ ಹಿರಿಯರು ಅವನನ್ನು ತಡೆದರು. "ಒಂದೇ ತಲೆ ಮನೆ ಸೂರು ಹೊರೋಕಾಗಲ್ಲ ಕಣಪ್ಪ. ಎಲ್ರೂ ಹೋಗೋಣ." ಪಕ್ಕದ ಮೂರು ಊರಿಗೂ ಸುದ್ದಿ ಕಳಿಸಿದರು. ಇವರ ಫಜೀತಿ ನೋಡಲೆಂದೇ ಬಿಜಿವೆಕಿಯೂ ಲಾರಿ ಹತ್ತಿದ.

ಶುಕ್ರವಾರ ಕೌನ್ಸಿಲ್ ಹಾಲಿನಲ್ಲಿ ಫಲೇಸಿ ಎದ್ದು ನಿಂತಳು. ಉಟ್ಟ ಬಟ್ಟೆಯ ತುದಿಯ ಗಂಟು ಬಿಚ್ಚಿ ಒಂದು ಹಿಡಿ ಕಾಳನ್ನು ಅಧಿಕಾರಿಗಳ ಮೇಜಿನ ಮೇಲೆ ಸುರಿದಳು.

"ಸಾಹೇಬ್ರೇ, ಇದ್ರಲ್ಲಿ ಬೀಜ ಯಾವ್ದು, ಸಾರಿನ ಕಾಳು ಯಾವ್ದು, ಆರಿಸ್ಕೊಡಿ. ನನಗೆ ಗೊತ್ತಾಗ್ದೆ ಅರ್ಧ ಬೇಯಿಸ್ಬಿಟ್ಟೆ."

ಒಬ್ಬ ಅಧಿಕಾರಿ ಇದು ಆಹಾರ ಎಂದರು. ಪಕ್ಕದವರು, ಬಿತ್ತಿದರೆ ಬೀಜವೇ ಎಂದರು. ಮೂರನೆಯವರು ಕರಡು ತಿರುವಿ ಹುಡುಕತೊಡಗಿದರು.

"ಪಕ್ಕದ್ಮನೆಯೋಳಿಗೆ ಒಂದ್ ಬಟ್ಲು ಕೊಟ್ರೆ, ಬೇಯಿಸ್ತಾಳಾ ಬಿತ್ತುತಾಳಾ ಅಂತ ನಾನು ಅವಳ ಹಿಂದೇನೇ ಹೋಗ್ಲಾ?"

ಹಾಲಿನಲ್ಲಿ ನಗು ಎದ್ದಿತು. ಕರಡು ಬರೆದ ಅಧಿಕಾರಿ ಮಾತ್ರ ನಗಲಿಲ್ಲ. "ನಾವು ಹಿಡಿಯಬೇಕೆಂದಿದ್ದು ನಿಮ್ಮನ್ನಲ್ಲ ತಾಯಿ. ಕಳಪೆ ಕಾಳಿಗೆ ಬಣ್ಣ ಬಳಿದು, ಪೊಟ್ಟಣ ಕಟ್ಟಿ ಮಾರುವ ಮೋಸಗಾರರನ್ನು," ಎಂದರು.

ಆಗ ಎದ್ದವನು ಬಿಜಿವೆಕಿ. "ಹಂಗಾದ್ರೆ ಹಂಗೇ ಬರೀರಿ ಸ್ವಾಮಿ! ಹೋದ್ವರ್ಷ ಅಂಥ ಪೊಟ್ಟಣ ತಂದು ಒಂದ್ ಹೊಲ ಪೂರ್ತಿ ಬಿತ್ತಿದೆ. ಎರಡೇ ಸಾಲು ಮೊಳೀತು. ಪೊಟ್ಟಣದ ಬೀಜ ಅಂತ ಹೆಂಡ್ತಿಗೂ ಹೇಳಿರ್ಲಿಲ್ಲ." ಫಲೇಸಿ ತಿರುಗಿ ಗಂಡನ ಮುಖ ನೋಡಿದಳು. ಅಧಿಕಾರಿ ಅವನ ಮಾತನ್ನೂ ಬರೆದುಕೊಂಡರು.

ಎರಡು ತಿಂಗಳ ಮೇಲೆ ಸಂತೆ ಗೇಟಿಗೆ ಹೊಸ ಕಾಗದ ಬಂತು. ಈ ಬಾರಿ ನಮ್ಮ ಭಾಷೆಯಲ್ಲಿ. ರೈತರು ತಮ್ಮ ಬೀಜವನ್ನು ಕೊಡಬಹುದು, ಬದಲಾಯಿಸಿಕೊಳ್ಳಬಹುದು, ನಮ್ಮ ಸಂತೆಯಲ್ಲಿ ಮಾರಬಹುದು. ಪೊಟ್ಟಣ ಕಟ್ಟಿ ಮಾರುವವರಿಗೆ ಮಾತ್ರ ನೋಂದಣಿ ಕಡ್ಡಾಯ. ಗುಡ್ಡದಾಚೆಯ ಸಂತೆಗೆ ಒಯ್ಯಬಹುದೇ ಎಂಬುದು ಇನ್ನೂ ಸ್ಪಷ್ಟವಾಗಿಲ್ಲ. ಅದನ್ನು ಕೇಳಿ ಎನಿಫಾ ಕೌನ್ಸಿಲ್‌ಗೆ ಪತ್ರ ಬರೆದಿದ್ದಾಳೆ. ಅದರಲ್ಲಿ ಮೊದಲ ಸಹಿ ಬಿಜಿವೆಕಿಯದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ಇಂಥ ಕಾಗದ ಬಂದೀತು. ಗಾಳಿಮಾತು ನಂಬಿ ಇದ್ದದ್ದನ್ನು ಕಳೆದುಕೊಳ್ಳಬೇಡಿ. ಓದಬಲ್ಲವರನ್ನು ಕೂರಿಸಿಕೊಂಡು ಒಟ್ಟಿಗೆ ಓದಿಸಿ. ಅದು ಕರಡೋ ಕಾನೂನೋ, ಉತ್ತರಿಸಲು ಎಂದಿನವರೆಗೆ ಸಮಯವಿದೆ ಎಂದು ಕೇಳಿ. ಅರ್ಥವಾಗದಿದ್ದರೆ ನಾಚಬೇಡಿ, ಅದನ್ನೇ ಹೋಗಿ ಹೇಳಿ. ಬರೆದವರಿಗೂ ಅರ್ಥವಾಗಿಲ್ಲದಿರಬಹುದು. ಗಡುವು ಮುಗಿಯುವ ಮೊದಲೇ ಹೊರಡಿ, ಅಕ್ಕಪಕ್ಕದವರನ್ನೂ ಕರೆದುಕೊಂಡು ಹೊರಡಿ.