ಚಾಕಿ ಹುಳು ಹತ್ತಿದ ಎಸಿ ಕಾರು

ಈಗ ಚಿನಕುರಳಿಗೆ ಎಸಿ ಕಾರು ಬಂದರೆ ಎಮ್ಮೆ ಕೂಡ ತಲೆ ಎತ್ತಿ ನೋಡುವುದಿಲ್ಲ. ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಹಾಗಿರಲಿಲ್ಲ. ಬಾಡಿಗೆ ಓಡಿಸುವ ತಿಮ್ಮರಾಜುವಿನ ಹಳೇ ಬಿಳಿ ಅಂಬಾಸಿಡರ್ ಊರೊಳಕ್ಕೆ ಬಂತೆಂದರೆ ಬೀದಿಯ ಹೆಂಗಸರೆಲ್ಲ ಸುತ್ತ ನಿಂತು, ಇಳಿಸಿದ ಗಾಜಿನೊಳಗೆ ಕೈ ತೂರಿಸಿ, "ಅಯ್ಯೋ, ಬಾವಿಗೆ ಕೈ ಬುಟ್ಟಂಗಾಯ್ತದೆ ಕಣವ್ವ!" ಎಂದು ಕಿಸಕ್ಕನೆ ನಗುತ್ತಿದ್ದರು. ಮೈಸೂರಿನ ಯಾವುದೋ ಹೋಟೆಲಿನವರು ಹನ್ನೆರಡು ವರ್ಷ ಓಡಿಸಿ ಮಾರಿದ ಗಾಡಿ ಅದು. ಎಸಿ ಅದರ ಜೊತೆಗೇ ಹುಟ್ಟಿದ್ದಲ್ಲ, ಆಮೇಲೆ ಕೂಡಿಸಿದ್ದು. ಸ್ಟೇರಿಂಗಿನ ಪಕ್ಕ, ಕಾಲ ಹತ್ತಿರ ಒಂದು ಕಪ್ಪು ಪೆಟ್ಟಿಗೆ ನೇತಾಡುತ್ತಿತ್ತು. ಅದಕ್ಕೆ ಎರಡು ತಿರುಪು. ಒಂದು ತಿರುಗಿಸಿದರೆ ಗಾಳಿ ಜೋರು, ಇನ್ನೊಂದು ತಿರುಗಿಸಿದರೆ ತಣ್ಣಗೆ.

ಆ ಬೇಸಿಗೆ ನೆನೆದರೆ ಲಕ್ಷ್ಮಿದೇವಮ್ಮನಿಗೆ ಇವತ್ತಿಗೂ ಮೊದಲು ಮೂಗಿಗೆ ಬರುವುದು ಆ ಕಾರಿನ ಒಳಗಿನ ವಾಸನೆ. ಒದ್ದೆ ಗೋಣಿ, ಹಿಪ್ಪುನೇರಳೆ ಸೊಪ್ಪು, ಕಾದ ರೆಕ್ಸಿನ್ನು. ಬೀಡಿ ವಾಸನೆ ಮಾತ್ರ ಇರಲಿಲ್ಲ. ಹೊಗೆಸೊಪ್ಪಿನ ಗಾಳಿ ಸೋಕಿದರೂ ರೇಷ್ಮೆ ಹುಳು ಸಾಯುತ್ತವೆಂದು ಆಕೆ ತಿಮ್ಮರಾಜುವಿನ ಜೇಬಿಂದ ಬೀಡಿ ಕಟ್ಟನ್ನೇ ಕಿತ್ತು ಮಾಡಿನ ಮೇಲೆ ಎಸೆದಿದ್ದಳು. "ಇನ್ಮೇಲೆ ಏಲಕ್ಕಿ ಅಗಿ ಕಣ್ಲಾ" ಅಂದಿದ್ದಳು. ಅವನು ಅಗಿದ.

ಲಕ್ಷ್ಮಿದೇವಮ್ಮ ಚಾಕಿ ಮನೆ ನಡೆಸುತ್ತಿದ್ದಳು. ರೇಷ್ಮೆ ಮೊಟ್ಟೆ ಒಡೆಸಿ, ಇರುವೆಯಷ್ಟು ಸಣ್ಣ ಹುಳುಗಳಿಗೆ ಎಳೇ ಸೊಪ್ಪು ಕತ್ತರಿಸಿ ಹಾಕಿ, ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವುದು, ದಾಟುವ ತನಕ ಹತ್ತು ದಿನ ಸಾಕಿ, ಆಮೇಲೆ ರೈತರಿಗೆ ಕೊಡುವ ಕೆಲಸ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಚಾಕಿ ಮನೆಯೊಳಗೆ ತಂಪೂ ತೇವವೂ ಒಂದೇ ಸಮ ಇರಬೇಕು. ಅದಕ್ಕೆಂದೇ ಕಿಟಕಿ ಬಾಗಿಲಿಗೆಲ್ಲ ಒದ್ದೆ ಗೋಣಿ ಇಳಿಬಿಡುತ್ತಿದ್ದಳು. ಗಾಳಿ ನೇರವಾಗಿ ಹುಳುವಿಗೆ ಬಡಿಯಬಾರದು, ಬಡಿದರೆ ಸೊಪ್ಪು ಬಾಡುತ್ತದೆ, ಹುಳು ಮೇಯುವುದಿಲ್ಲ. ಗೋಡೆಯಲ್ಲಿ ತೂಗುಹಾಕಿದ್ದ ಥರ್ಮಾಮೀಟರನ್ನು ಆಕೆ ಗಡಿಯಾರಕ್ಕಿಂತ ಹೆಚ್ಚು ಸಲ ನೋಡುತ್ತಿದ್ದಳು.

ಕ್ಯಾತನಹಳ್ಳಿ, ಪಾಂಡವಪುರದ ರೈತರು ನಸುಕಿಗೇ ಬಂದು ಹುಳು ಒಯ್ಯುತ್ತಿದ್ದರು. ತೊಂದರೆ ಶುರುವಾದದ್ದು ದೂರದವರು ಕೇಳಿದಾಗ. ತಿಮ್ಮರಾಜುವಿನ ಕಾರು ಬೆಳಗಿನ ಕಾಯಂ ಬಾಡಿಗೆ ಮುಗಿಸಿ ಬರುವುದೇ ಹತ್ತಕ್ಕೆ. ಎಸಿ ಇದೆಯಲ್ಲ, ಬಿಸಿಲಾದರೇನು ಎಂದು ಧೈರ್ಯ ಮಾಡಿದಳು. ಮೊದಲ ಸಲ ಕೆ.ಆರ್. ಪೇಟೆ ಕಡೆ ಹೋಗುವಾಗ ಅರ್ಧ ದಾರಿಯಲ್ಲಿ ಎಸಿ ಕೈಕೊಟ್ಟಿತು. ತಟ್ಟೆಗಳಲ್ಲಿ ಕಾಲು ಪಾಲು ಹುಳು ಸೋತು ಬಿದ್ದವು. ಎರಡನೇ ಸಲ ನಾಗಮಂಗಲ ಕಡೆಯ ನರಸಯ್ಯನ ಊರಿಗೆ. ಅರ್ಧಕ್ಕರ್ಧ ಹೋದವು.

ನರಸಯ್ಯ ಬಯ್ಯಲಿಲ್ಲ. ಅದೇ ಹೆಚ್ಚು ನೋವು. "ನೋಡು ತಾಯಿ, ನಮ್ಮೂರಲ್ಲಿ ಹನ್ನೆಲ್ಡು ಮನೆಯೋರು ನನ್ ಮಾತು ನಂಬ್ಕಂಡು ನಿನ್ತಾವ ಉಳ ಬರ್ಸವ್ರೆ. ಇನ್ನೊಂದ್ಸಲ ನೋಡ್ತೀವಿ. ಆಗ್ನಿಲ್ಲ ಅಂದ್ರೆ ಬೇರೆ ಕಡೆ ಓಯ್ತೀವಿ, ಬೇಜಾರ್ ಮಾಡ್ಕಬೇಡ" ಅಂದ. ಆ ಹನ್ನೆರಡು ಮನೆ ಬಿಟ್ಟುಹೋದರೆ ಚಾಕಿ ಮನೆಗೆ ಬೀಗವೇ ಗತಿ.

ತಿಮ್ಮರಾಜು ಕಾರನ್ನು ಶ್ರೀರಂಗಪಟ್ಟಣಕ್ಕೆ, ಫ್ರಿಜ್ಜು ಎಸಿ ರಿಪೇರಿಯ ಚಿಕ್ಕಸ್ವಾಮಿಯ ಹತ್ತಿರ ಹೊಡೆದ. ಲಕ್ಷ್ಮಿದೇವಮ್ಮನೂ ಬಸ್ಸು ಹತ್ತಿ ಹಿಂದೆಯೇ ಹೋದಳು. ಚಿಕ್ಕಸ್ವಾಮಿ ಬೆಲ್ಟು ಬಿಗಿ ಮಾಡಿದ, ವೈರು ಬದಲಿಸಿದ, ಗ್ಯಾಸು ನೋಡಿದ. ಖಾಲಿ ಕಾರನ್ನು ಮರದ ಕೆಳಗೆ ನಿಲ್ಲಿಸಿ, ಎರಡೂ ತಿರುಪು ಪೂರ್ತಿ ತಿರುಗಿಸಿ ಒಂದು ಗಂಟೆ ಎಸಿ ಓಡಿಸಿದ. ಒಳಗೆ ಕೂತವರ ಹಲ್ಲು ಕಟಕಟ ಅಂದಿತು.

"ನಡುಕ ಬತ್ತಾದೆ ಅಲ್ವಕ್ಕ? ಗಾಡಿಗೇನಾಗಿಲ್ಲ."

"ಇಲ್ಲಿ ಆಗಲ್ಲ. ದಾರೀಲಾಯ್ತದೆ."

"ದಾರೀಲಾಗೋದ್ನ ನಾನೆಂಗ್ ಬಿಚ್ ನೋಡ್ಲಕ್ಕ?"

"ನಿಂಗೆ ಬರಕಿಲ್ಲ ಅನ್ನು, ಒಪ್ಕತೀನಿ."

ಪಾಪ, ಚಿಕ್ಕಸ್ವಾಮಿ ಸ್ಪ್ಯಾನರು ಕೆಳಗಿಟ್ಟು ಕೈ ಒರೆಸಿಕೊಂಡ.

ಮೂರನೇ ಸಲ ಹೊರಟದ್ದು ಏಪ್ರಿಲ್ ಕೊನೆಯ ವಾರ. ಹಿಂದಿನ ಸೀಟು ಕಳಚಿ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ, ಸುತ್ತಲೂ ನೀರಲ್ಲಿ ಅದ್ದಿದ ಗೋಣಿ ಹೊದಿಸಿದಳು. ಗಾಜು ಏರಿಸಿದರು. ಲಕ್ಷ್ಮಿದೇವಮ್ಮ ಮುಂದೆ ಕೂತು ಥರ್ಮಾಮೀಟರನ್ನು ಮಡಿಲಲ್ಲಿಟ್ಟುಕೊಂಡು, ಎರಡು ಸಲವೂ ಹೇಳಿದ್ದನ್ನೇ ಮತ್ತೆ ಹೇಳಿದಳು.

"ಗಾಳಿ ಸಣ್ಣಕ್ಕಿಡು, ಉಳಕ್ ಬಡೀಬಾರ್ದು. ತಣ್ಣಗಾಗೋದ್ನ ಮಾತ್ರ ಪೂರ್ತಿ ತಿರುಗ್ಸು."

"ಆಯ್ತು ಕಣಕ್ಕ, ಬಾಯ್‌ಪಾಠ ಆಗೋಗದೆ."

ಪಾಂಡವಪುರ ದಾಟುವವರೆಗೂ ಇಪ್ಪತ್ತೈದು ಡಿಗ್ರಿ. ಲಕ್ಷ್ಮಿದೇವಮ್ಮನ ಉಸಿರು ಹಗುರಾಗಿತ್ತು. ಗದ್ದೆ ಬಯಲು ಮುಗಿದು ಕಲ್ಲುಗುಡ್ಡಗಳು ಶುರುವಾದವು. ಇಪ್ಪತ್ತಾರು. ಇಪ್ಪತ್ತೆಂಟು. ಪೆಟ್ಟಿಗೆಯ ಬಾಯಿಗೆ ಅಂಗೈ ಹಿಡಿದಳು. ಬಿಸಿ ಗಾಳಿ ಬರುತ್ತಿರಲಿಲ್ಲ. ಗಾಳಿಯೇ ಬರುತ್ತಿರಲಿಲ್ಲ. ಒಳಗೆ ಫ್ಯಾನು ಮಾತ್ರ ಗೊರಗುಟ್ಟುತ್ತಿತ್ತು.

"ನಿಲ್ಸ್‌ಲಾ!"

ಜಕ್ಕನಹಳ್ಳಿ ಹತ್ತಿರ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ತಿಮ್ಮರಾಜು ಬಾನೆಟ್ ಎತ್ತಿ ಕಂಡಕಂಡ ಪೈಪನ್ನೆಲ್ಲ ತಟ್ಟತೊಡಗಿದ. "ಓದ್ಸಲಾನೂ ಇಂಗೇಯ. ಅರ್ಧ ಗಂಟೆ ನಿಂತ್ರೆ ಅದ್ಕದೇ ಸರಿಯಾಯ್ತದೆ. ದೆವ್ವ ಗಿವ್ವ ಮೆಟ್ಕಂಡದೋ ಏನೋ" ಎಂದ.

"ಅರ್ಧ ಗಂಟೆ ನಿಂತ್ರೆ ಉಳ ಉಳಿತವಾ? ದೆವ್ವ ನಿನ್ ತಲೇಲದೆ."

ಬಯ್ಯುತ್ತಲೇ ಆಕೆ ಗೋಣಿ ಸರಿಸಿ ಹುಳು ನೋಡಲು ಹೋದಳು. ಕೈ ಹಾಗೇ ನಿಂತಿತು. ಗೋಣಿ ಒಣಗಿತ್ತು. ಹೊರಡುವಾಗ ನೀರು ತೊಟ್ಟಿಕ್ಕುತ್ತಿದ್ದ ಗೋಣಿ, ಗಾಜೆಲ್ಲ ಮುಚ್ಚಿದ ಕಾರಿನಲ್ಲಿ, ಒಂದು ಗಂಟೆಯಲ್ಲಿ ಗರಿಗರಿ. ಚಾಕಿ ಮನೆಯಲ್ಲಿ ಇದೇ ಗೋಣಿ ಸಂಜೆಯವರೆಗೂ ಒಣಗುತ್ತಿರಲಿಲ್ಲ. ಹಾಗಾದರೆ ಇಷ್ಟು ನೀರು ಹೋಯಿತೆಲ್ಲಿಗೆ?

ಅಷ್ಟರಲ್ಲಿ ಮುಂದೆ ತಟಕ್, ತಟಕ್ ಎಂದು ಸದ್ದು. ಕಪ್ಪು ಪೆಟ್ಟಿಗೆಯ ತಳದಿಂದ ನೀರು ಬೀಳುತ್ತಿತ್ತು. ಆಕೆ ಪೆಟ್ಟಿಗೆಯ ಬಾಯಿಯ ಪಟ್ಟಿಗಳ ಸಂದಿಗೆ ಬೆರಳು ತೂರಿಸಿದಳು. ಒಳಗೆ ಕಲ್ಲಿನಂಥ ಮಂಜುಗಡ್ಡೆ.

"ತಿಮ್ಮ, ಬಾರ್ಲಾ ಇಲ್ಲಿ. ಬೆರಳಾಕು."

ತಿಮ್ಮರಾಜು ಬೆರಳು ಹಾಕಿ ಚಟ್ಟನೆ ಎಳೆದುಕೊಂಡ. "ಥೂ! ಐಸ್‌ಕ್ಯಾಂಡಿ ಫ್ಯಾಕ್ಟ್ರಿ ಆಗೋಗದಲ್ಲಕ್ಕ!"

ಲಕ್ಷ್ಮಿದೇವಮ್ಮನಿಗೆ ಈಗ ಲೆಕ್ಕ ಸಿಕ್ಕಿತು. ಗೋಣಿಯ ನೀರೆಲ್ಲ ಆವಿಯಾಗಿ ಆ ಪೆಟ್ಟಿಗೆಯೊಳಗೆ ಹೋಗಿ ಹೆಪ್ಪುಗಟ್ಟಿ ಗಾಳಿಯ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ತಂಪು ಪೆಟ್ಟಿಗೆಯೊಳಗೇ ಉಳಿಯುವಷ್ಟು ಗಾಳಿ ಸಣ್ಣಗಿಡಿಸಿ, ತಣ್ಣಗಾಗುವುದನ್ನು ಪೂರ್ತಿ ತಿರುಗಿಸಲು ಹೇಳಿದ್ದೂ ಆಕೆಯೇ. ಚಿಕ್ಕಸ್ವಾಮಿಯ ಖಾಲಿ ಕಾರಿನಲ್ಲಿ ಗೋಣಿಯೂ ಇರಲಿಲ್ಲ, ಗಾಳಿಯೂ ಸಣ್ಣಗಿರಲಿಲ್ಲ. ಕೆಡುವುದಾದರೂ ಹೇಗೆ?

"ಕೆಡ್ಸಿದ್ದು ನಾನೇ ಕಣ್ಲಾ" ಅಂದಳು.

ತಿಮ್ಮರಾಜು ಹೋಗಿ ಬಾನೆಟ್ ಧಡಾರನೆ ಮುಚ್ಚಿದ. "ಎಲ್ಡ್ ತಿಂಗ್ಳಿಂದ ನನ್ ಗಾಡೀನ ಗುಜ್ರಿ, ಡಬ್ಬ, ಸವಕಲು ಅಂತಿದ್ಯಲ್ಲಕ್ಕ..."

"ಆಮೇಲ್ ಬಯ್ಯುವಂತೆ, ಸಂಜೆಗಂಟ ಬಯ್ಯಿ. ಈಗ ಗೋಣಿ ತಗ್ದು ಡಿಕ್ಕಿಗಾಕು."

ಇಂಜಿನ್ ಚಾಲೂ ಮಾಡಿಸಿದಳು. ತಣ್ಣಗಾಗುವ ತಿರುಪು ಪೂರ್ತಿ ಬಂದ್, ಗಾಳಿಯದು ಪೂರ್ತಿ ಜೋರು. ಪೆಟ್ಟಿಗೆಯಿಂದ ನೀರು ಧಾರೆಯಾಗಿ ಸುರಿದು ಇಬ್ಬರ ಕಾಲೂ ತೊಯ್ದವು. ಐದು ನಿಮಿಷಕ್ಕೆ ಗಾಳಿ ಬಂತು, ಹತ್ತಕ್ಕೆ ಸೆರಗು ಹಾರಿತು. ಥರ್ಮಾಮೀಟರಿನಲ್ಲಿ ಮಾತ್ರ ಇಪ್ಪತ್ತೊಂಬತ್ತು. ಗಾಳಿ ಹುಳುವಿಗೆ ಬಡಿಯದಂತೆ, ಕೈಚೀಲದಲ್ಲಿದ್ದ ಇನ್ನೊಂದು ಸೀರೆ ತೆಗೆದು ಮುಂದಿನ ಸೀಟಿನ ಬೆನ್ನಿಗೆ ಪರದೆ ಕಟ್ಟಿದಳು. ಆಮೇಲೆ ತಣ್ಣಗಾಗುವುದನ್ನು ಅರ್ಧಕ್ಕೆ ಮಾತ್ರ ತಿರುಗಿಸಿದಳು.

"ಅರ್ಧ ಸಾಕಾ ಅಕ್ಕ?"

"ನಂಗೊತ್ತಿಲ್ಲ. ಓಡ್ಸು."

ಆ ಹಾದಿ ಆಕೆಗೆ ಇಂದಿಗೂ ಮೈಲಿಗಲ್ಲು ಮೈಲಿಗಲ್ಲಾಗಿ ನೆನಪಿದೆ. ಎರಡು ಕಲ್ಲಿನವರೆಗೆ ಪಾದರಸ ಅಲ್ಲಾಡಲಿಲ್ಲ. ಮೂರನೆಯದಕ್ಕೆ ಇಪ್ಪತ್ತೆಂಟು. ಹದಿನೈದು ನಿಮಿಷಕ್ಕೊಮ್ಮೆ ಆಕೆ ತಣ್ಣಗಾಗುವುದನ್ನು ನಿಲ್ಲಿಸಿ, ಪೆಟ್ಟಿಗೆ ನೀರು ಬಿಡುವವರೆಗೆ ಕಾದು, ಮತ್ತೆ ಹಾಕಿದಳು, ಕೂಸಿಗೆ ಹಾಲು ಕುಡಿಸಿ ತೇಗಿಸಿದ ಹಾಗೆ. ನಾಗಮಂಗಲ ಬಂದಾಗ ಇಪ್ಪತ್ತಾರರ ಗೆರೆ.

ನರಸಯ್ಯನ ಹುಳುಮನೆ ಮುಂದೆ ಹನ್ನೆರಡು ಮನೆಯವರೂ ನಿಂತಿದ್ದರು. ನರಸಯ್ಯ ಮೊದಲ ತಟ್ಟೆ ಇಳಿಸಿಕೊಂಡು, ಮೇಲಿನ ಕಾಗದ ಎತ್ತಿ, ಕೋಳಿ ಪುಕ್ಕದಿಂದ ಹುಳುಗಳನ್ನು ಮೆಲ್ಲಗೆ ಸವರಿದ. ಒಂದು ತಲೆ ಎತ್ತಿತು. ಪಕ್ಕದ್ದು ಎತ್ತಿತು. ಆಮೇಲೆ ಇಡೀ ತಟ್ಟೆಯೇ ಮೇವು ಹುಡುಕುತ್ತ ತಲೆ ಆಡಿಸಿತು. ಎರಡನೇ ತಟ್ಟೆ, ಮೂರನೇ ತಟ್ಟೆ. ಕೊನೆಯದರಲ್ಲಿ ನಾಲ್ಕಾರು ಸೋತಿದ್ದವು, ಅಷ್ಟೇ.

"ಸೊಪ್ಪಾಕ್ರೋ, ನಿಂತ್ಕಂಡ್ ಏನ್ ನೋಡ್ತಿದೀರಿ!" ಎಂದು ನರಸಯ್ಯ ತನ್ನವರನ್ನು ಗದರಿಸಿದ. ಆಮೇಲೆ ಇತ್ತ ತಿರುಗಿ, "ಮುಂದ್ಲ ಬೆಳೆಗೂ ನಮ್ ಪಾಲಿನ ಉಳ ಮಡಗ್ಬುಡು ತಾಯಿ. ಅದ್ಸರಿ, ಗಾಡಿಗೇನಾಗಿತ್ತು?"

ತಿಮ್ಮರಾಜು ಲಕ್ಷ್ಮಿದೇವಮ್ಮನ ಮುಖ ನೋಡಿದ, ಏಲಕ್ಕಿ ಅಗಿಯುತ್ತ.

"ಗಾಡಿಗೇನಾಗಿರ್ನಿಲ್ಲ ಕಣಣ್ಣ, ನಂಗಾಗಿತ್ತು" ಅಂದಳು ಆಕೆ. "ನಾಳೆ ಪಟ್ಣಕ್ಕೋಗಿ ಆ ಚಿಕ್ಕಸ್ವಾಮಿಗೂ ಏಳ್ಬೇಕು."

ತಟ್ಟೆ ಇಳಿಸಿ, ಮಜ್ಜಿಗೆ ಕುಡಿದು, ಮೂರು ಗಂಟೆಗೆ ಹೊರಟರು. ಆ ಕಾರಿನಲ್ಲಿ ಮೂರು ಸಲ ಓಡಾಡಿದ್ದರೂ ಲಕ್ಷ್ಮಿದೇವಮ್ಮ ಅದರ ತಂಪನ್ನು ಒಂದು ದಿನವೂ ತನಗೆಂದು ಅನುಭವಿಸಿರಲಿಲ್ಲ. ಪಾದರಸ ನೋಡುವುದರಲ್ಲೇ ಕಣ್ಣು ಸವೆದಿತ್ತು.

"ಈಗೆಷ್ಟಕ್ ತಿರುಗಿಸ್ಲಕ್ಕ?" ತಿಮ್ಮರಾಜು ಕೇಳಿದ.

"ಎಲ್ಡೂ ಪೂರ್ತಿ ತಿರುಗ್ಸು. ಈಗ ಉಳ ಇಲ್ವಲ್ಲ, ನಾನೊಬ್ಳೆ."

ಸೆರಗನ್ನು ಕಿವಿಗೆ ಸುತ್ತಿಕೊಂಡು ಸೀಟಿಗೊರಗಿದವಳು, ಪಾಂಡವಪುರದ ಪೇಟೆಯಲ್ಲಿ ಅವನು ಹಾರನ್ ಬಾರಿಸುವ ತನಕ ಎಚ್ಚರಾಗಲಿಲ್ಲ.